ಅರ್ಧ ಗುಳಿಗೆ

ಪೂನಮ್ ಮತ್ತು ನಾನು ಅವಳಿ. ಒಬ್ಬಳಿಗೆ ಜ್ವರ ಬಂದರೆ ಅವ್ವ ಗುಳಿಗೆ ಮುರಿದು ಇಬ್ಬರಿಗೂ ಅರ್ಧರ್ಧ ನುಂಗಿಸುತ್ತಿದ್ದಳು. ಜೋಡಿ ಹುಟ್ಟಿದವರಿಗೆ ಔಷಧಿ ಬೇರೆ ಬೇರೆಯಾದರೆ ಒಬ್ಬಳು ಉಳಿಯುವುದಿಲ್ಲ ಎಂದು ತೆಂಗಳಿಯ ಸೂಲಗಿತ್ತಿ ಲಾಲಮ್ಮ ಹೇಳಿದ್ದಳಂತೆ. ನಾವು ನಗುತ್ತಿದ್ದೆವು, ನುಂಗುತ್ತಲೂ ಇದ್ದೆವು.

ನಲವತ್ತಾರು ತುಂಬಿದರೂ ಪೂನಮ್ ಆ ಮಾತು ಬಿಟ್ಟಿರಲಿಲ್ಲ. ಅವಳು ಸೇಡಂನಲ್ಲಿ ಅವ್ವನ ಜೊತೆಗಿದ್ದಳು, ನಾನು ಬಹ್ರೇನ್‌ನಲ್ಲಿ ಒಬ್ಬ ಮುದುಕಿಯ ಆರೈಕೆಗಿದ್ದೆ. ಎರಡು ಸಾವಿರದ ಇಪ್ಪತ್ತೊಂದರ ಏಪ್ರಿಲ್‌ನಲ್ಲಿ ಅವಳ ಫೋನ್ ಬಂತು.

"ರಾಧಿಕಾ, ಇಲ್ಲಿ ಕೋವಿಶೀಲ್ಡ್ ಹಾಕಾಕತ್ತಾರ. ನಿನಗ ಯಾವುದು?"

ನೋಡಿ ಹೇಳುತ್ತೇನೆ ಎಂದೆ. ಅಲ್ಲಿನ ಸರ್ಕಾರದ ಆ್ಯಪ್‌ನಲ್ಲಿ ನನ್ನ ಮುಂದೆ ನಾಲ್ಕು ಲಸಿಕೆಗಳ ಹೆಸರಿತ್ತು. ಕೋವಿಶೀಲ್ಡೂ ಇತ್ತು, ಆದರೆ ಮೂರು ವಾರ ಕಾಯಬೇಕಿತ್ತು. ಚೀನಾದ್ದು ಮರುದಿನವೇ ಸಿಗುತ್ತಿತ್ತು. ಪಕ್ಕದ ಮನೆಯ ಅಡುಗೆಯವನು, ನಮ್ಮ ಚಿತ್ತಾಪುರದ ಬಂದೇಅಲಿ, ಅದೇ ವಾರ ತೀರಿಕೊಂಡಿದ್ದ. ನನಗೆ ಜೀವದ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಚೀನಾದ್ದನ್ನೇ ಹಾಕಿಸಿಕೊಂಡೆ. ಮೂರು ವಾರ ತಡೆಯಲಾರದೆ ಹೋದೆ ಎಂದು ಪೂನಮ್‌ಗೆ ಫೋನಿನಲ್ಲಿ ಹೇಳಲು ಮಾತ್ರ ನಾಚಿಕೆಯಾಯಿತು.

"ಕೋವಿಶೀಲ್ಡ್ ಇಲ್ಲಿ ಸಿಗೂದಿಲ್ಲ ಪೂನಿ. ಚೀನಾದ್ದು ಹಾಕಿಸ್ಕೊಂಡೆ. ನೀ ಸಿಕ್ಕಿದ್ದು ಹಾಕಿಸ್ಕೋ."

"ಹುಚ್ಚಿ, ಇಬ್ಬರಿಗೂ ಒಂದ ಆಗಬೇಕು. ನಿಂದು ಇಲ್ಲಿಗಿ ಬರಲಿ, ಅಲ್ಲಿತನಕ ತಡೀತೀನಿ."

ಸುಳ್ಳು ಹೇಳುವುದೇ ಆಗಿದ್ದರೆ, ನಂದೂ ಕೋವಿಶೀಲ್ಡೇ ಎನ್ನಬಹುದಿತ್ತು. ಅವತ್ತೇ ಓಡಿ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ಅದು ಹೊಳೆಯಲೇ ಇಲ್ಲ. ಯಾವ ಲಸಿಕೆಯನ್ನೂ ಹಾಕಿಸಿಕೊಳ್ಳದೆ ಕಾಯುತ್ತಿದ್ದವಳನ್ನು ಮೇ ಕೊನೆಯಲ್ಲಿ ಕೊರೋನಾ ಒಯ್ದಿತು. ವಿಮಾನ ಸಿಗಲಿಲ್ಲ. ಕಾಗಿಣಾ ಹೊಳೆಯ ದಂಡೆಯಲ್ಲಿ ಅವಳ ಮೇಲೆ ಮಣ್ಣು ಹಾಕಿದ್ದನ್ನು ಫೋನಿನಲ್ಲೇ ನೋಡಿದೆ.

ಆಮೇಲೆ ಹಾಡಹಗಲೇ ಅವಳ ದನಿ ಕೇಳತೊಡಗಿತು. ಮುದುಕಿಗೆ ಗಂಜಿ ಕುಡಿಸುವಾಗ, ಬಟ್ಟೆ ಒಣಹಾಕುವಾಗ, ಕಿವಿಯ ಹತ್ತಿರವೇ: "ನಿನಗ ಯಾವುದು?" ಸಿಟ್ಟಿಲ್ಲ, ಬೈಗುಳವಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ನಾನೇನು ಬಾಯಿ ಸತ್ತವಳಲ್ಲ.

ಮರುವರ್ಷ ಊರಿಗೆ ಬಂದೆ. ಹೈದರಾಬಾದಿನಿಂದ ಬಸ್ಸಿನಲ್ಲಿ ಕೂತು ತಲೆ ಸಿಡಿಯುತ್ತಿತ್ತು. ಅವ್ವ ಕೇಳದೆಯೇ ಗುಳಿಗೆ ಮುರಿದಳು. ಅರ್ಧ ನನ್ನ ಕೈಗೆ ಕೊಟ್ಟಳು, ಇನ್ನರ್ಧ ಗೋಡೆಯ ಗೂಡಿನಲ್ಲಿ ಪೂನಮ್‌ಳ ಫೋಟೊದ ಮುಂದಿಟ್ಟಳು.

"ಅಲ್ಲಿ ಕೋವಿಶೀಲ್ಡ್ ಸಿಕ್ಕಿದ್ರ ನೀನೂ ಅದನ್ನ ಹಾಕಿಸ್ಕೊಂತಿದ್ದಿ. ನಮ್ಮ ಹಣೇಬರ, ಏನ್ ಮಾಡೂದದ," ಎಂದಳು.

ಫೋಟೊದೊಳಗಿಂದ ನನ್ನದೇ ಮುಖ ನನ್ನನ್ನು ನೋಡುತ್ತಿತ್ತು. ಇನ್ನು ತಡೆಯಲಾಗಲಿಲ್ಲ.

"ಸಿಗ್ತಿತ್ತವ್ವ. ಮೂರು ವಾರ ತಡೀಬೇಕಾಗಿತ್ತು, ನಾ ತಡೀಲಿಲ್ಲ. ಆಕಿಗಿ ಸುಳ್ಳು ಹೇಳಿದೆ."

ಅವ್ವ ಅಳಲಿಲ್ಲ. ಎದ್ದು, ಗೂಡಿನಲ್ಲಿದ್ದ ಅರ್ಧವನ್ನು ತಂದು ನನ್ನ ಅಂಗೈಯಲ್ಲಿಟ್ಟಳು.

"ಆಕಿ ಪಾಲಿಂದೂ ಇನ್ನ ನೀನ ನುಂಗು," ಎಂದಳು.