ಬೇಲಿಯಲ್ಲಿದ್ದ ಸಂದು

ಗುತ್ತಲದ ಹತ್ತಿರ ಗುತ್ತೆವ್ವ, ತಾಜಬಿ ಇಬ್ಬರ ಹೊಲಮನೆಗಳ ನಡುವೆ ಒಂದೇ ಬೇಲಿ. ಒಂದು ವರ್ಷ ತಾಜಬಿಯ ಆಡುಗಳು ನುಗ್ಗಿ ಗುತ್ತೆವ್ವನ ಮೆಣಸಿನ ಸಸಿಗಳನ್ನು ಬೋಳಿಸಿಬಿಟ್ಟವು. ಗುತ್ತೆವ್ವನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದು. ಹಿರಿಯರ ಮಾತು ಕೇಳದೆ ತಾಜಬಿಯನ್ನೂ ಹಾವೇರಿಗೆ ಕರೆದೊಯ್ದು, ಕರಾರು ಬರೆಸಿ, ಅವಳ ಹೆಬ್ಬೆಟ್ಟು ಒತ್ತಿಸಿ ನೋಂದಣಿ ಮಾಡಿಸಿದಳು: ಬೇಲಿಯಲ್ಲಿ ಸಂದು ಇರಕೂಡದು, ಬಿದ್ದರೆ ತಾಜಬಿಯ ಕಡೆಯವರೇ ಮುಚ್ಚಬೇಕು. ಬರಹಗಾರ ಅಷ್ಟಕ್ಕೇ ನಿಲ್ಲಿಸಿದ್ದ. "ಮಕ್ಕಳು ಮರಿ, ನಾಳೆ ಹೊಲಾ ಕೊಂಡವರು, ಎಲ್ಲಾರಿಗೂ ಇದ ಅಂತ ಬರೀರಿ," ಎಂದು ಒತ್ತಿ ಹೇಳಿದವಳು ಗುತ್ತೆವ್ವನೇ.

ಆ ಸಿಟ್ಟು ಮುಂದಿನ ಬೇಸಗೆಯವರೆಗೂ ಬಾಳಲಿಲ್ಲ. ತಾಜಬಿಯ ಬಾವಿ ಬತ್ತಿತು. ಕೊಡ ಹಿಡಿದು ಬೇಲಿಯಾಚೆ ಸುಮ್ಮನೆ ನಿಂತವಳನ್ನು ಗುತ್ತೆವ್ವ ಕಂಡಳು. ತಾನೇ ಮುಳ್ಳು ಕಡಿದು ಸಂದು ಮಾಡಿದಳು. ಅಲ್ಲಿಂದ ಗುತ್ತೆವ್ವನ ಬಾವಿಯ ನೀರು ಹೋಯಿತು, ಚಹಾ ಬಂತು, ಗುತ್ತೆವ್ವ ಚಳಿಜ್ವರದಲ್ಲಿ ಮಲಗಿದಾಗ ಗಂಜಿಯೂ ಬಂತು. ಕರಾರು ರದ್ದು ಮಾಡಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ರಾಜಿಯಾದವರು ಅದಕ್ಕೆಂದು ಯಾರಾದರೂ ಕಚೇರಿಗೆ ಹೋಗುತ್ತಾರೆಯೇ?

ತೊಂಬತ್ತೆರಡನೇ ಇಸವಿಯಲ್ಲಿ ಮೊಣಕಾಲು ಕೈಕೊಟ್ಟಾಗ ಗುತ್ತೆವ್ವ ಹೊಲವನ್ನು ಬ್ಯಾಡಗಿಯ ಗೋಣೆಪ್ಪನಿಗೆ ಮಾರಿ ರಾಣೆಬೆನ್ನೂರಿನ ಮಗಳ ಮನೆ ಸೇರಿದಳು. ತಾಜಬಿಗೆ ನೀರು ಬಿಡಬೇಕೆಂದು ಬಾಯಿಮಾತಿನಲ್ಲಿ ಹೇಳಿದ್ದಳು, ಅವನು ತಲೆಯಾಡಿಸಿದ್ದ. ಮರುವರ್ಷವೇ ಸುದ್ದಿ ಬಂತು: ಗೋಣೆಪ್ಪ ಹಳೆಯ ಕರಾರು ತೋರಿಸಿ ಸಂದು ಮುಚ್ಚಲು ಹೇಳಿದ್ದಾನೆ. ಗುತ್ತೆವ್ವ ಸಿಕ್ಕ ಬಸ್ಸು ಹತ್ತಿ ಬಂದಳು.

ಗೋಣೆಪ್ಪ ಕೆಟ್ಟವನೇನಲ್ಲ. ಅವಳನ್ನು ಕೂರಿಸಿ ಅದೇ ಬಾವಿಯ ನೀರು ಕೊಟ್ಟ. ಇವತ್ತು ಸುಮ್ಮನಿದ್ದರೆ ನಾಳೆ ತಾಜಬಿಯ ಕಡೆಯವರು ದಾರಿಯ ಹಕ್ಕು ಕೇಳುತ್ತಾರೆಂಬ ಅಂಜಿಕೆ ಅವನದು.

"ಅದು ನಾ ಸಿಟ್ಟಿನ್ಯಾಗ ಬರಿಸಿದ್ದು, ತಮ್ಮಾ," ಎಂದಳು ಗುತ್ತೆವ್ವ.

"ಸಿಟ್ಟು ಅಂತ ಅದರಾಗ ಬರದಿಲ್ಲಲ್ರಿ, ಯವ್ವಾ. ಕೊಂಡವರಿಗೂ ಇದ ಅಂತ ಬರದೈತಿ."

ಹೊರಗೆ ತಾಜಬಿ ಜಾಲಿಮುಳ್ಳು ತಂದು ಸಂದು ಮುಚ್ಚತೊಡಗಿದ್ದಳು. ಇನ್ನು ಅವಳು ನೀರಿಗೆ ಮೈಲಿಯಾಚೆ ಊರ ಬಾವಿಗೇ ಹೋಗಬೇಕು. ಅವಳು ಬೈದಿದ್ದರೆ ಗುತ್ತೆವ್ವನ ಎದೆ ಹಗುರಾಗುತ್ತಿತ್ತು. ತಾಜಬಿ ಒಬ್ಬಳೇ ಕೈ ಗೀರಿಕೊಳ್ಳುವುದನ್ನು ನೋಡಲಾರದೆ ಗುತ್ತೆವ್ವನೂ ಈಚೆಯಿಂದ ಮುಳ್ಳು ಒತ್ತಿಕೊಟ್ಟಳು.

ಬೇಲಿ ಕೂಡಿತು. ತಾಜಬಿ ಸೆರಗಿನಿಂದ ಬೆವರೊರೆಸಿಕೊಂಡು, ರೂಢಿಯಂತೆ, "ಬಾ ಅಕ್ಕಾ, ಚಾ ಕುಡದು ಹೋಗು," ಎಂದಳು.

ಗುತ್ತೆವ್ವ ಎಂದಿನಂತೆ ಹೆಜ್ಜೆ ಮುಂದಿಟ್ಟಳು. ಸೀರೆ ಮುಳ್ಳಿಗೆ ಸಿಕ್ಕಿತು. ಆಚೆಯಿಂದ ಕೈ ತೂರಿಸಿ ಬಿಡಿಸಿದವಳು ತಾಜಬಿಯೇ.