ಐದೂವರೆ ಮನೆಯ ಶ್ರುತಿ

ಚೆಂಬೂರಿನ ಆ ಬಿಲ್ಡಿಂಗಿನಲ್ಲಿ ಶಾಮಣ್ಣನವರನ್ನು ಬರೀ ಶಾಮಣ್ಣ ಎನ್ನುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವರು ಶ್ರುತಿ ಶಾಮಣ್ಣ. ಹಗಲೆಲ್ಲ ಬೈಕುಲ್ಲಾದ ತಗಡಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತೆ, ಸಂಜೆ ಮನೆಗೆ ಬಂದು ಪಂಚೆ ಉಟ್ಟ ಮೇಲೆ ಸಂಗೀತದ ನ್ಯಾಯಾಧೀಶರು. ಕಛೇರಿ ನಡೆಯುವಾಗ ಅವರು ಹುಬ್ಬು ಗಂಟಿಕ್ಕಿದರೆ ಪಕ್ಕದವರೂ ಗಂಟಿಕ್ಕುತ್ತಿದ್ದರು. ಅವರು ತಲೆದೂಗಿದರೆ ಸಾಲಿಗೆ ಸಾಲೇ ತಲೆದೂಗುತ್ತಿತ್ತು. ಮೈಸೂರಿನಿಂದ ಬರುವಾಗ ಟ್ರಂಕಿನಲ್ಲಿ ಏನು ತಂದರೋ ಬಿಟ್ಟರೋ, ಈ ಕಿವಿಯ ಜಂಬವನ್ನಂತೂ ಜೋಪಾನವಾಗಿ ತಂದಿದ್ದರು.

ಆ ಕಿವಿ ಒಳಗಿಂದೊಳಗೇ ಕೆಟ್ಟಿದೆ ಎಂಬುದು ಹೆಂಡತಿ ಸರಸ್ವತಿಗೆ ಮಾತ್ರ ಗೊತ್ತಿತ್ತು. ಕಾರ್ಖಾನೆಯಲ್ಲಿ ಅವರ ಮೇಜಿಗೂ ತಗಡು ಬಡಿಯುವ ಜಾಗಕ್ಕೂ ನಡುವೆ ಒಂದು ಹಲಗೆಯ ಗೋಡೆ, ಅಷ್ಟೆ. ವರ್ಷಗಟ್ಟಲೆ ಆ ಬಡಿತ ಕೇಳಿ ಎಡಗಿವಿಯಲ್ಲಿ ಒಂದು ಜೀರುಂಡೆ ಬೀಡುಬಿಟ್ಟಿತ್ತು. ಮೊದಮೊದಲು ಅದು ನಿದ್ದೆ ಕೆಡಿಸಿತು. ಆಮೇಲೆ ಶಾಮಣ್ಣನವರು ದಿಂಬಿನ ಪಕ್ಕ ಅಲಾರಂ ಗಡಿಯಾರ ಇಟ್ಟುಕೊಂಡು, ಅದರ ಟಿಕ್ ಟಿಕ್ ಕಡೆಗೆ ಮನಸ್ಸು ಕೊಟ್ಟು ಮಲಗುವುದನ್ನು ಕಲಿತರು. ಜೀರುಂಡೆ ಮನೆಯವರಲ್ಲಿ ಒಬ್ಬನಂತೆ ಆಗಿಹೋಯಿತು. ಊರಿಗೆಲ್ಲ ಶ್ರುತಿ ಹೇಳುವವರ ಕಿವಿಯಲ್ಲಿ ಹುಳು ಕೂಗುತ್ತದೆ ಎಂದು ಹೊರಗೆ ಹೇಳಿಕೊಳ್ಳುವುದಕ್ಕಾಗುತ್ತದೆಯೇ? ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು.

ಐವತ್ನಾಲ್ಕನೇ ಇಸವಿಯ ಗಣೇಶನ ಹಬ್ಬದಲ್ಲಿ ಎಲ್ಲ ಎಡವಟ್ಟಾಯಿತು. ಪೆಂಡಾಲಿನಲ್ಲಿ ಹಾಡುಗಾರಿಕೆ. ಮೈಕಿನವನ ಯಂತ್ರ ಶ್ರುತಿಯನ್ನು ಕೆಡಿಸುತ್ತಿದೆ ಎಂದು ಶಾಮಣ್ಣನವರಿಗೆ ಅನುಮಾನ ಬಂತು. ಜಗತ್ತಿನಲ್ಲಿ ಬೇರೆ ಯಾರಿಗೂ ಬರದ ಅನುಮಾನ ಅದು. ಎದ್ದು ಹೋಗಿ, ಕಂಬಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರಿನ ಬಾಯಿಗೆ ಎಡಗಿವಿ ಆನಿಸಿ ನಿಂತರು. ಅದೇ ಗಳಿಗೆಗೆ ಮೈಕು ಕಿರುಚಿಕೊಂಡಿತು. ತಲೆಯೊಳಗೆ ಕಾದ ಕಂಬಿ ಎಳೆದಂತಾಗಿ ಶಾಮಣ್ಣನವರು ಕಂಬ ಹಿಡಿದುಕೊಂಡೇ ಕುಸಿದು ಕೂತರು. ಆದರೂ ಎದ್ದ ಕೂಡಲೇ ಮೈಕಿನವನಿಗೆ, "ಶ್ರುತಿ ಅರ್ಧ ಮನೆ ಇಳಿದಿದೆ, ಸರಿ ಮಾಡಿಕೊಳ್ಳಯ್ಯ" ಎಂದು ಹೇಳುವುದನ್ನು ಮರೆಯಲಿಲ್ಲ.

ಒಂದೆರಡು ದಿನ ಕಿವಿಗೆ ಹತ್ತಿ ತುಂಬಿದಂತಿತ್ತು. ಜೀರುಂಡೆಗೆ ಹುಚ್ಚು ಹಿಡಿದಿತ್ತು. ಬಿಸಿ ಮಾಡಿದ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು, ಗಡಿಯಾರವನ್ನು ದಿಂಬಿನ ಕೆಳಗೇ ತುರುಕಿಕೊಂಡು ಹೇಗೋ ಕಳೆದರು. ಅದು ಸ್ವಲ್ಪ ತಣ್ಣಗಾಗುವ ಹೊತ್ತಿಗೆ, ಒಂದು ಬೆಳಗ್ಗೆ ಹಾಲಿನವನು ಬರುವ ಮುಂಚೆ, ಹೊಸ ನಾದವೊಂದು ಕೇಳಿಸಿತು. ಸಣ್ಣಗೆ, ಬಿಡುವಿಲ್ಲದೆ, ಒಂದೇ ಸಮ. ಜೀರುಂಡೆಯಲ್ಲ. ಹದವಾಗಿ ಕೂಡಿಸಿದ ಷಡ್ಜ.

"ಐದೂವರೆ ಮನೆ. ಕೆಳಗೆ ವನಮಾಲಮ್ಮ ಶ್ರುತಿಪೆಟ್ಟಿಗೆ ಹಾಕಿದಾರೆ" ಎಂದರು ಶಾಮಣ್ಣನವರು, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಶ್ರುತಿ ಗುರುತಿಸಿ.

ಸರಸ್ವತಿ ಕಿವಿಗೊಟ್ಟು, "ನನಗೇನೂ ಕೇಳಿಸ್ತಿಲ್ಲಪ್ಪ" ಎಂದರು.

"ನಿನಗೆಲ್ಲಿ ಕೇಳಿಸುತ್ತೆ? ಶ್ರುತಿಜ್ಞಾನ ಬೇಕು ಅದಕ್ಕೆ."

"ನಿಮ್ಮ ಕಿವೀದೇ ಇರಬಹುದಲ್ಲ? ಮೊನ್ನೆ ಮೈಕು ಕೂಗಿದ್ದಕ್ಕೆ..."

"ರೋಗ ಎಲ್ಲಾದರೂ ಶ್ರುತಿಬದ್ಧವಾಗಿರುತ್ತಾ?" ಎಂದು ಶಾಮಣ್ಣನವರು ನಕ್ಕುಬಿಟ್ಟರು. ಆ ನಗುವನ್ನು ನೆನೆಸಿಕೊಂಡರೆ ಮುಂದೆ ಅವರಿಗೇ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ವನಮಾಲಮ್ಮ ನೆಲಅಂತಸ್ತಿನ ಹಿಂದಿನ ಖೋಲಿಯಲ್ಲಿದ್ದ ವಿಧವೆ. ಖೋಲಿ ರಾಮಸ್ವಾಮಿಯವರದು. ಬಿಲ್ಡಿಂಗ್ ಕಮಿಟಿಯ ಹಿರಿಯರೂ ಅವರೇ. ಬಿಲ್ಡಿಂಗಿನ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುವುದೇ ಆಕೆಯ ಜೀವನ. ಆ ಖೋಲಿ ಬಿಟ್ಟರೆ ನೆಲೆ ಇಲ್ಲ, ಆ ಮಕ್ಕಳು ಬಿಟ್ಟರೆ ಅನ್ನವಿಲ್ಲ.

ಶಾಮಣ್ಣನವರು ಮರ್ಯಾದೆಯಿಂದಲೇ ಹೋಗಿ ಹೇಳಿದರು. "ಬೆಳಗಿನ ಜಾವ ಶ್ರುತಿಪೆಟ್ಟಿಗೆ ಬೇಡಿ ವನಮಾಲಮ್ಮ. ನಿದ್ದೆ ಹಾಳಾಗುತ್ತೆ."

"ನಾನು ಆ ಹೊತ್ತಿಗೆ ಹಾಕೋದೇ ಇಲ್ಲವಲ್ಲ" ಎಂದರು ಆಕೆ. ಶಾಮಣ್ಣನವರ ಹುಬ್ಬು ಗಂಟಿಕ್ಕಿದ್ದನ್ನು ಕಂಡು, "ಆಗಲಿ, ನೋಡ್ಕೋತೀನಿ" ಎಂದು ಸೇರಿಸಿದರು.

ನಾದ ನಿಲ್ಲಲಿಲ್ಲ. ಲೋಕಲ್ ರೈಲಿನಲ್ಲಿ ಇಲ್ಲ, ಕಾರ್ಖಾನೆಯ ಬಡಿತದಲ್ಲಿ ಇಲ್ಲ, ಮನೆಗೆ ಬಂದು ಸದ್ದಡಗಿದ ಕೂಡಲೇ ಹಾಜರು. ಇದಕ್ಕಿಂತ ಸಾಕ್ಷಿ ಏನು ಬೇಕು? ಹೆಂಗಸಿಗೆ ಎಷ್ಟು ಹಟ ಎಂದು ಶಾಮಣ್ಣನವರಿಗೆ ಮೈಯೆಲ್ಲ ಉರಿಯಿತು. ನವರಾತ್ರಿಯ ಹೊತ್ತಿಗೆ ವನಮಾಲಮ್ಮನ ಪಾಠದ ಮಕ್ಕಳು ರಾಮಸ್ವಾಮಿಯವರ ಮನೆಯ ಗೊಂಬೆಗಳ ಮುಂದೆ ಹಾಡಿ, ಒಬ್ಬೊಬ್ಬರ ಸ್ವರ ಒಂದೊಂದು ದಿಕ್ಕಿಗೆ ಹೋದಾಗ, ಶಾಮಣ್ಣನವರು ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು: "ಬೆಳಗಿನ ಜಾವವೆಲ್ಲ ಪೆಟ್ಟಿಗೆ ಕುಯ್‌ಗುಟ್ಟಿಸಿ ಬಿಲ್ಡಿಂಗಿನ ನಿದ್ದೆ ಕೆಡಿಸ್ತಾರೆ. ಮಕ್ಕಳ ಶ್ರುತಿ ನೋಡಿದರೆ ಹೀಗೆ."

ಶ್ರುತಿ ಶಾಮಣ್ಣ ಹೇಳಿದ ಮೇಲೆ ಮುಗಿಯಿತು. ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು. ದೀಪಾವಳಿ ಕಳೆದ ಮೇಲೆ ಖೋಲಿ ಖಾಲಿ ಮಾಡಬೇಕೆಂದು ರಾಮಸ್ವಾಮಿಯವರು ವನಮಾಲಮ್ಮನಿಗೆ ಹೇಳಿಬಿಟ್ಟರು.

ಇದಾದ ಭಾನುವಾರ ಶಾಮಣ್ಣನವರು ಗೋರೆಗಾಂವ್‌ನಲ್ಲಿದ್ದ ಷಡ್ಡಕನ ಮನೆಗೆ ಊಟಕ್ಕೆ ಹೋಗಿದ್ದರು. ಆಗಿನ್ನೂ ಅಲ್ಲಿ ಗುಡ್ಡ, ಹುಲ್ಲು, ಎಮ್ಮೆ, ನಡುವೆ ಅಲ್ಲೊಂದು ಇಲ್ಲೊಂದು ಮನೆ. ಊಟವಾಗಿ ಎಲ್ಲರೂ ಒರಗಿಕೊಂಡ ಮೇಲೆ ಅವರು ಹಿತ್ತಲಿನ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತರು. ಎಷ್ಟೋ ದಿನದ ಮೇಲೆ ಇಂಥ ನಿಶ್ಶಬ್ದ ಎಂದುಕೊಳ್ಳುವಷ್ಟರಲ್ಲಿ ಷಡ್ಜ ಶುರುವಾಯಿತು. ಅದೇ ಐದೂವರೆ ಮನೆ.

ಶಾಮಣ್ಣನವರು ಮೊದಲು ಸುತ್ತ ನೋಡಿದರು. ಎಮ್ಮೆಯೊಂದು ಮೆಲುಕು ಹಾಕುತ್ತಿತ್ತು. ಆಮೇಲೆ ಮೆಲ್ಲಗೆ ಎರಡೂ ಕಿವಿಗೆ ಬೆರಳಿಟ್ಟುಕೊಂಡರು. ಹೊರಗಿನ ಸದ್ದಾಗಿದ್ದರೆ ಅಡಗಬೇಕಿತ್ತು. ಅದು ಇನ್ನೂ ಜೋರಾಗಿ, ತಲೆಯ ತುಂಬ ಹರಡಿಕೊಂಡಿತು. ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗುಳುವುದಕ್ಕೂ ತೋಚದೆ ಹಾಗೇ ಕೂತಿದ್ದರು.

ಮಾರನೆಯ ದಿನ ರಜಾ ಹಾಕಿ, ಯಾರಿಗೂ ಹೇಳದೆ, ಕಿವಿಯ ಡಾಕ್ಟರೊಬ್ಬರ ಹತ್ತಿರ ಹೋದರು. ಡಾಕ್ಟರು ಕವಲಾದ ಉಕ್ಕಿನ ಶ್ರುತಿಕವೆ ಮೀಟಿ ಕಿವಿಯ ಬಳಿ ಹಿಡಿದು ಪರೀಕ್ಷೆ ಮಾಡಿ, ಇದು ನರದ ಪೆಟ್ಟು, ಔಷಧವಿಲ್ಲ ಎಂದರು. ಜೋರು ಸದ್ದಿನಿಂದ ದೂರ ಇರಿ, ತೀರ ನಿಶ್ಶಬ್ದದಲ್ಲೂ ಕೂರಬೇಡಿ, ಪಕ್ಕದಲ್ಲಿ ಏನಾದರೂ ಸಣ್ಣ ಸದ್ದು ಇರಲಿ, ಕಿವಿಯೊಳಗಿನ ನಾದವನ್ನೇ ಕೇಳಿಸಿಕೊಳ್ಳುತ್ತಾ ಕೂರಬೇಡಿ ಎಂದರು. ಕೊನೆಗೆ, "ಮನಸ್ಸಿಗೆ ಹಚ್ಚಿಕೊಂಡಷ್ಟೂ ಜಾಸ್ತಿಯಾಗುತ್ತೆ. ಮನಸ್ಸಿನಲ್ಲಿ ಚಿಂತೆ ಏನಾದರೂ ಇದೆಯಾ?" ಎಂದು ಕೇಳಿದರು.

ಶಾಮಣ್ಣನವರು ಇಲ್ಲ ಎಂದರು.

ಆ ವಾರ ಅವರು ಪಟ್ಟ ಪಾಡು ಶತ್ರುವಿಗೂ ಬೇಡ. ನಾದ ಎದ್ದಾಗಲೆಲ್ಲ ವನಮಾಲಮ್ಮನ ಮುಖ ಕಣ್ಣೆದುರು ಬರುತ್ತಿತ್ತು, ಮುಖ ಬಂದಾಗಲೆಲ್ಲ ನಾದ ಏರುತ್ತಿತ್ತು. ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟು ಅದನ್ನು ಕೇಳುತ್ತ ಕೂತರು. ತಪ್ಪು ಮಾಡಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಳಬೇಕೆಂದೂ ಗೊತ್ತಿತ್ತು. ಹೇಳಿದರೆ ನಾಳೆಯಿಂದ ಮೆಟ್ಟಿಲ ಮೇಲೆ ಹುಡುಗರೂ ಕಿಸಕ್ಕೆನ್ನುತ್ತಾರೆ ಎಂಬ ಯೋಚನೆ ಮಾತ್ರ ಅವರನ್ನು ತಡೆಯುತ್ತಿತ್ತು. ಒಂದು ಹೆಂಗಸಿನ ಅನ್ನದ ಎದುರಿಗೆ ತಮ್ಮ ಅಡ್ಡಹೆಸರನ್ನು ಇಟ್ಟು ತೂಗುತ್ತಿರುವುದು ಹೊಳೆದಾಗ ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಆದರೂ ದಿನಗಳನ್ನು ದೂಡಿದರು. ಕೊನೆಗೆ ಸರಸ್ವತಿಯೇ, ನಲ್ಲಿ ತಿರುಗಿಸಿ ನಿಲ್ಲಿಸಿ, "ಹೋಗಿ ಹೇಳ್ತೀರೋ ಇಲ್ಲ ನಾನೇ ಹೋಗ್ಲೋ?" ಎಂದರು.

ಕೆಳಗೆ ವನಮಾಲಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಶಾಮಣ್ಣನವರು ಬಾಗಿಲಲ್ಲೇ ನಿಂತು, ಪಾಠ ಒಪ್ಪಿಸುವ ಹುಡುಗನ ಹಾಗೆ ತಲೆತಗ್ಗಿಸಿ, ಎಲ್ಲವನ್ನೂ ಹೇಳಿದರು. ಜೀರುಂಡೆ, ಲೌಡ್‌ಸ್ಪೀಕರು, ಗೋರೆಗಾಂವ್, ಡಾಕ್ಟರು. ಆಕೆ ಕೇಳುತ್ತಲೇ ಒಂದು ತಂಬಿಗೆಗೆ ಹಳೇ ಸೀರೆಯ ತುಂಡು ಸುತ್ತಿ ಮುಗಿಸಿದರು.

"ನೀವು ಮೊದಲನೇ ಸಲ ಬಂದು ಹೇಳಿದಿರಲ್ಲ, ಅವತ್ತೇ ಪೆಟ್ಟಿಗೇನ ದಾದರ್‌ನಲ್ಲಿ ನಮ್ಮ ನಾದಿನಿ ಮನೇಲಿ ಇಟ್ಟು ಬಂದೆ" ಎಂದರು ಆಕೆ. "ನಿಮ್ಮಂಥವರಿಗೆ ಬೇಜಾರಾಗೋದು ಬೇಡ ಅಂತ. ಮಕ್ಕಳಿಗೆ ಶ್ರುತಿ ಇಲ್ಲದೇನೇ ಪಾಠ ಹೇಳಿದೆ. ನವರಾತ್ರೀಲಿ ಹೇಗೆ ಹಾಡಿದವು ಅಂತ ನೀವೇ ಕೇಳಿದಿರಿ."

ಶಾಮಣ್ಣನವರಿಗೆ ಕಪಾಳಕ್ಕೆ ಹೊಡೆದಂತಾಯಿತು. "ತಪ್ಪಾಯ್ತು ತಾಯಿ" ಎಂದರು.

"ನನಗೆ ಹೇಳಿ ಏನಾಗಬೇಕು? ಪೆಟ್ಟಿಗೆ ಹಾಕಿರಲಿಲ್ಲ ಅನ್ನೋದು ನನಗೆ ಗೊತ್ತೇ ಇದೆ. ಅವರಿಗೆ ಹೇಳಿ."

ಮುಂದಿನ ಭಾನುವಾರ ಬೆಳಗ್ಗೆ ರಾಮಸ್ವಾಮಿಯವರ ಮನೆಯ ಹಾಲ್‌ನಲ್ಲಿ ಕಮಿಟಿ ಸೇರಿತ್ತು. ನೀರಿನ ಟ್ಯಾಂಕಿನ ಮಾತು ಮುಗಿದ ಮೇಲೆ ಶಾಮಣ್ಣನವರು ಎದ್ದು ನಿಂತರು. ಕಿವಿಯಲ್ಲಿ ಷಡ್ಜ ಮೊಳಗುತ್ತಿತ್ತು. ಏನನ್ನೂ ಬಿಡದೆ ಹೇಳಿದರು. ತಮ್ಮ ಕಿವಿ ಕೆಟ್ಟಿದೆ, ಆ ನಾದ ತಮ್ಮ ತಲೆಯೊಳಗಿನದು, ವನಮಾಲಮ್ಮನದು ಎಳ್ಳಷ್ಟೂ ತಪ್ಪಿಲ್ಲ, ಆಕೆಗೆ ಖೋಲಿ ಉಳಿಸಿಕೊಡಬೇಕು, ಮಕ್ಕಳನ್ನು ಮತ್ತೆ ಪಾಠಕ್ಕೆ ಕಳಿಸಬೇಕು. ಹೇಳಿ ಮುಗಿಸಿ, ನಗುವುದಾದರೆ ನಗಲಿ ಎಂದು ಕಾದರು.

ಯಾರೂ ನಗಲಿಲ್ಲ. ಎಲ್ಲರೂ ಅವರನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತಿದ್ದರು.

"ಎಂಥಾ ದೊಡ್ಡ ಮನಸ್ಸು" ಎಂದರು ರಾಮಸ್ವಾಮಿಯವರು. ಅವರ ಕಣ್ಣಂಚು ನಿಜವಾಗಿಯೂ ಒದ್ದೆಯಾಗಿತ್ತು. "ಒಬ್ಬ ಅನಾಥ ಹೆಂಗಸಿಗೋಸ್ಕರ ತಮ್ಮ ಕಿವೀನೇ ಕೆಟ್ಟಿದೆ ಅಂತ ಒಪ್ಕೊಳ್ಳೋದಕ್ಕೂ ತಯಾರಾಗಿದ್ದಾರಲ್ಲ. ನಿಮ್ಮ ಕಿವಿ ಕೆಟ್ಟರೆ ಮುಂಬಯಿಯಲ್ಲಿ ಇನ್ಯಾರ ಕಿವಿ ಸರಿ ಇದೆ ಶಾಮಣ್ಣನವರೇ?"

"ನಾನು ಸುಳ್ಳು ಹೇಳ್ತಿಲ್ಲ ಸ್ವಾಮಿ. ಡಾಕ್ಟರೇ ಹೇಳಿದಾರೆ."

"ಡಾಕ್ಟರಿಗೇನು ಗೊತ್ತು ಸಂಗೀತ? ನಾವೆಲ್ಲ ಕೇಳಿದೀವಲ್ಲ. ನಾನೇ ಎಷ್ಟು ಬೆಳಗ್ಗೆ ಕೇಳಿದೀನಿ. ಏನ್ರೀ ರಮಾನಾಥ?"

ಮೂಲೆಯಲ್ಲಿ ಕೂತಿದ್ದ ಮೂರನೇ ಮಹಡಿಯ ರಮಾನಾಥ, ಯಾವತ್ತೂ ಎಂಟರ ಮುಂಚೆ ಹಾಸಿಗೆ ಬಿಟ್ಟವನಲ್ಲ, "ಓಹೋ, ಚೆನ್ನಾಗಿ ಕೇಳಿಸ್ತಿತ್ತು. ಐದೂವರೆ ಮನೆ" ಎಂದ. ಉಳಿದವರೂ ಹೌದು ಹೌದೆಂದರು. ತನಗೆ ಕೇಳಿಸಿರಲಿಲ್ಲ ಎಂದು ಹೇಳಿ ಶ್ರುತಿಜ್ಞಾನವಿಲ್ಲದವನು ಎನಿಸಿಕೊಳ್ಳಲು ಆ ಹಾಲ್‌ನಲ್ಲಿ ಯಾರೂ ತಯಾರಿರಲಿಲ್ಲ. ಆ ಭಯವನ್ನು ಅವರಲ್ಲಿ ಬೆಳೆಸಿದವರು ಯಾರು ಎಂದು ಶಾಮಣ್ಣನವರು ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಅವರು ಮತ್ತೆ ಮತ್ತೆ ಹೇಳಿದರು. ಕೊನೆಗೆ ಆಣೆ ಇಟ್ಟರು. ಹೇಳಿದಷ್ಟೂ ಅವರು ದೊಡ್ಡವರಾಗುತ್ತ ಹೋದರು. ಅಲ್ಲದೆ ಖೋಲಿಯನ್ನು ತಮ್ಮ ಅಳಿಯನ ತಮ್ಮನಿಗೆ ಕೊಡುತ್ತೇನೆಂದು ಮಾತಾಗಿದೆ ಎಂದು ರಾಮಸ್ವಾಮಿಯವರು ಕಾಫಿ ಬಂದ ಮೇಲೆ ಮೆತ್ತಗೆ ಸೇರಿಸಿದರು.

ದೀಪಾವಳಿಯಾದ ಮೇಲೆ ವನಮಾಲಮ್ಮ ದಾದರ್‌ನ ಚಾಳಿನಲ್ಲಿದ್ದ ನಾದಿನಿಯ ಖೋಲಿಗೆ ಹೊರಟರು. ಅಲ್ಲಿ ಆಗಲೇ ಏಳು ಜನ. ಪಾಠ ಹೇಳಲು ಜಾಗವೂ ಇಲ್ಲ, ಗುರುತಿನ ಮಕ್ಕಳೂ ಇಲ್ಲ. ಟಾಂಗಾದವರೆಗೂ ಶಾಮಣ್ಣನವರು ಗೋಣಿಚೀಲ ಹೊತ್ತು ತಂದಿಟ್ಟರು. ಕಮಿಟಿಯಲ್ಲಿ ಏನಾಯಿತೆಂದು ಅವರು ಹೇಳಲು ಹೋದಾಗ ಆಕೆ, "ಗೊತ್ತು. ನಿಮ್ಮನ್ನ ಎಲ್ಲರೂ ಹೊಗಳ್ತಿದಾರೆ" ಎಂದಷ್ಟೇ ಹೇಳಿ ಹತ್ತಿ ಕೂತರು.

ಮರುದಿನ ಬೆಳಗ್ಗೆ ಶಾಮಣ್ಣನವರು ಹಾಲು ತರಲು ಇಳಿದಾಗ ರಾಮಸ್ವಾಮಿಯವರು ಮೆಟ್ಟಿಲ ಬುಡದಲ್ಲಿ ಹಲ್ಲುಜ್ಜುತ್ತ ನಿಂತಿದ್ದರು. ಬಿಲ್ಡಿಂಗ್ ಇನ್ನೂ ಎದ್ದಿರಲಿಲ್ಲ.

"ಇವತ್ತಿಂದ ನೆಮ್ಮದಿ, ಅಲ್ವೇ? ಎಷ್ಟು ಶಾಂತವಾಗಿದೆ ನೋಡಿ" ಎಂದರು ಅವರು.

ಶಾಮಣ್ಣನವರು ಹಿಂದಿನ ಖೋಲಿಯತ್ತ ನಡೆದು, ಕದವನ್ನು ಪೂರ್ತಿ ತಳ್ಳಿದರು. ಗುಡಿಸಿದ ನೆಲ, ಗೋಡೆಯ ಮೇಲೆ ಒಂದು ಮೊಳೆ, ಮತ್ತೇನೂ ಇರಲಿಲ್ಲ.

"ಶಾಂತವಾಗಿಲ್ಲ ರಾಮಸ್ವಾಮಿಯವರೇ. ನನಗೆ ಈಗಲೂ ಕೇಳಿಸ್ತಿದೆ. ಅದೇ ಶ್ರುತಿ. ಇಲ್ಲಿ ಯಾರಿದ್ದಾರೆ, ನೀವೇ ನೋಡಿ." ಈಗಲಾದರೂ ಅರ್ಥವಾಗುತ್ತದೆ, ಅರ್ಥವಾದರೆ ಟಾಂಗಾ ಮಾಡಿಕೊಂಡು ಇವತ್ತೇ ದಾದರ್‌ಗೆ ಹೋಗಿ ಕರೆತರುತ್ತೇನೆ ಎಂದು ಅವರು ಒಳಗೊಳಗೇ ಬೇಡಿಕೊಳ್ಳುತ್ತಿದ್ದರು.

ರಾಮಸ್ವಾಮಿಯವರು ಬಾಯಿ ಮುಕ್ಕಳಿಸಿ ಉಗುಳಿ ಬಂದು ಖಾಲಿ ಖೋಲಿಯನ್ನು ನೋಡಿದರು. ತಲೆಯನ್ನು ಒಂದು ಕಡೆಗೆ ವಾಲಿಸಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಮೆಲ್ಲಗೆ ತಲೆದೂಗಿದರು.

"ಹೌದು ಕಣ್ರೀ. ಸಣ್ಣಗೆ ಕೇಳಿಸುತ್ತೆ. ಪಕ್ಕದ ಬಿಲ್ಡಿಂಗಿನಲ್ಲಿ ವೀಣೆ ಹೇಳಿಕೊಡೋ ಹುಡುಗಿ ಒಬ್ಬಳಿದಾಳೆ. ಅವಳದೇ ಇರಬೇಕು. ಅವರ ಕಮಿಟಿಗೆ ಇವತ್ತೇ ಹೇಳ್ತೀನಿ."

ಅವರು ಟವಲು ಹೆಗಲಿಗೆ ಹಾಕಿಕೊಂಡು ಗೇಟಿನತ್ತ ಹೊರಟರು. ಶಾಮಣ್ಣನವರು ಹಾಲಿನ ಪಾತ್ರೆಯನ್ನು ನೆಲಕ್ಕೆ ಬಿಟ್ಟು, ಓಡಿಹೋಗಿ ಅವರ ರಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.