ಕೋರ್ನೆಲ್ ಬುಸುಯೋಕನ ಎಡಗಿವಿ

ಬ್ರೆಯಿಲಾ ಊರಿನ ಫುಟ್‌ಬಾಲ್ ತಂಡದಲ್ಲಿ ಕೋರ್ನೆಲ್ ಬುಸುಯೋಕ್ ಮಿಡ್‌ಫೀಲ್ಡರ್ ಆಗಿ ಆರನೆಯ ವರ್ಷ ಆಡುತ್ತಿದ್ದ. ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ದಾನ್ಯೂಬ್ ನದಿಯ ಮೇಲೆ ಹಿಮದ ಹಲಗೆಗಳು ತೇಲುತ್ತಿದ್ದ ಫೆಬ್ರವರಿಯಲ್ಲಿ ಹತ್ತು ದಿನ ಜ್ವರ ಹಿಡಿದು ಮಲಗಿದ. ಜ್ವರ ಇಳಿದ ಬೆಳಿಗ್ಗೆ ಅಕ್ಕ ಸಫ್ತಾ ಅವನ ಎಡಕ್ಕೆ ನಿಂತು ಚಹಾ ಬೇಕೇ ಎಂದು ಎರಡು ಸಲ ಕೇಳಿದಳು. ಲೋಟ ಕಣ್ಣೆದುರು ಬಂದಾಗಲೇ ಅವನಿಗೆ ಅವಳು ಅಲ್ಲಿರುವುದು ಗೊತ್ತಾದದ್ದು.

ವೈದ್ಯೆ ಒಂದು ತಿಂಗಳು ಮದ್ದು ಕೊಟ್ಟು ನೋಡಿದರು. ಕೊನೆಗೆ, "ಎಡಗಿವಿ ನರ ಹೋಗಿದೆ. ಬಲಗಿವಿ ಜೋಪಾನ ಮಾಡ್ಕೊಳ್ಳಿ," ಎಂದರು.

ಅವನು ತಂಡದಲ್ಲಿ ಯಾರಿಗೂ ಹೇಳಲಿಲ್ಲ. ಮೈದಾನದ ಅಂಚಿನಲ್ಲಿ ಆಡುವವನಾದರೆ ಹೇಗೋ ನಡೆಯುತ್ತಿತ್ತೇನೋ. ಮಿಡ್‌ಫೀಲ್ಡರ್ ನಿಲ್ಲುವುದು ಮೈದಾನದ ನಟ್ಟನಡುವೆ. ಎದುರಾಳಿ ಯಾವ ದಿಕ್ಕಿನಿಂದ ಬೇಕಾದರೂ ಮೈಮೇಲೆ ಬರುತ್ತಾನೆ. ಚೆಂಡಿನ ಮೇಲೆ ಕಣ್ಣಿಟ್ಟವನಿಗೆ ಬೆನ್ನ ಹಿಂದಿನ ಸುದ್ದಿ ತರುವುದು ಜೊತೆಯವರ ಕೂಗು ಒಂದೇ.

ಏಪ್ರಿಲ್‌ನಲ್ಲಿ ನೆರೆಯೂರಿನವರ ಮೇಲೆ ಪಂದ್ಯವಿತ್ತು. ಆ ಊರಿನವರಿಗೆ ಸೋತರೆ ಬ್ರೆಯಿಲಾದ ಜನಕ್ಕೆ ಒಂದು ವಾರ ಅನ್ನ ಸೇರುವುದಿಲ್ಲ. ಎಂಬತ್ತನೆಯ ನಿಮಿಷದಲ್ಲಿ ಕೋರ್ನೆಲ್ ತನ್ನ ಗೋಲಿನ ಮುಂದೆ ಚೆಂಡು ನಿಲ್ಲಿಸಿ, ಯಾರಿಗೆ ಕೊಡಲಿ ಎಂದು ತಲೆ ಎತ್ತಿದ. ಅಷ್ಟರಲ್ಲಿ ಎಡದಿಂದ ಒಂದು ಕಾಲು ಬಂದು ಚೆಂಡನ್ನು ಕಸಿದು ಹೋಗಿ ಗೋಲು ಹೊಡೆಯಿತು. ಆ ಒಂದು ಗೋಲಿನಲ್ಲೇ ಪಂದ್ಯ ಹೋಯಿತು.

ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತಾ ಕೂತಿದ್ದವನೊಬ್ಬ ಬೇಲಿಯಾಚೆಯಿಂದ ಕೇಳಿದ: "ಏನಪ್ಪಾ ಬುಸುಯೋಕ್, ಕೂಗಿದ್ರೆ ಸಾಲ್ದಾ? ಕಾಗದ ಬರೆದು ಹಾಕ್ಬೇಕಿತ್ತಾ?"

ಬಟ್ಟೆ ಬದಲಿಸುವ ಕೋಣೆಯಲ್ಲಿ ಗೋಲ್‌ಕೀಪರ್ ಶ್ತಿರ್ಬು ಕೈಗವಸು ಎಸೆದ. "ಮೂರು ಸಲ ಕೂಗ್ದೆ, ಬೆನ್ನು ನೋಡ್ಕೋ ಅಂತ. ಮೀನುಪೇಟೆ ಮುದುಕೀರೂ ತಿರುಗಿ ನೋಡಿರ್ತಾರೆ. ನಿನಗೇನು ದೊಡ್ಡಸ್ತಿಕೆ?"

ಕೋರ್ನೆಲ್ ಬೂಟು ಬಿಚ್ಚಿ ಚೀಲಕ್ಕೆ ತುರುಕಿದ. ಮುಂದಿನ ಮೂರು ಪಂದ್ಯ ಬೆಂಚಿನ ಮೇಲೆ ಕಳೆದವು.

"ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೇರಿಸು," ಎಂದ ಕೋರ್ನೆಲ್ ಅಕ್ಕನಿಗೆ ಒಂದು ಭಾನುವಾರ, ಮೀನಿನ ಹುಳಿಸಾರಿನಲ್ಲಿ ಚಮಚ ಆಡಿಸುತ್ತಾ.

ಸಫ್ತಾ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಹೋದ ಮೇಲೆ ಸಾಕಿದವಳೂ ಅವಳೇ. ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುತ್ತಿದ್ದಳು. "ನಾಳೆ ಬಾ, ಮೊದಲು ನನ್ನ ಕೆಲಸ ನೋಡು," ಎಂದಳಷ್ಟೆ.

ಮೇಲ್ವಿಚಾರಕರನ್ನು ಒಪ್ಪಿಸಿ ಅವನನ್ನು ಕ್ರೇನಿನ ಏಣಿ ಹತ್ತಿಸಿದಳು. ಕೆಳಗೆ ಜನ ಇರುವೆಗಳ ಹಾಗೆ ಕಾಣುತ್ತಿದ್ದರು. ಗಾಳಿ, ಮೋಟಾರಿನ ಗದ್ದಲದಲ್ಲಿ ಅವನ ಒಳ್ಳೆಯ ಕಿವಿಗೂ ಏನೂ ಕೇಳಿಸಲಿಲ್ಲ. ಸಫ್ತಾಳ ತಲೆ ಮಾತ್ರ ಒಂದು ಗಳಿಗೆ ನಿಲ್ಲಲಿಲ್ಲ: ಎಡಕ್ಕೆ, ಬಲಕ್ಕೆ, ಕೆಳಗೆ, ಮತ್ತೆ ಎಡಕ್ಕೆ. ಕೆಳಗಿನವನೊಬ್ಬ ಕೈ ಎತ್ತಿದ. ಹಡಗಿನ ಗೋಡೆಯಷ್ಟು ದೊಡ್ಡ ಕಬ್ಬಿಣದ ಹಾಳೆ ಮೆಲ್ಲಗೆ ಏರಿತು.

ಊಟದ ಬಿಡುವಿನಲ್ಲಿ ಅವಳು ಅವನ ಬಲಗಿವಿಯ ಬಳಿ ಬಂದು ಹೇಳಿದಳು: "ಹದಿನೈದು ವರ್ಷದಿಂದ ಇಲ್ಲಿ ನನಗೆ ಯಾರ ಮಾತೂ ಕೇಳ್ಸಿಲ್ಲ. ಒಬ್ಬರ ಕಾಲೂ ಮುರಿದಿಲ್ಲ. ಭಾರ ಎತ್ತಿದ್ಮೇಲೆ ನೋಡ್ತೀನಿ ಅಂದ್ರೆ ಆಗಲ್ಲ ಕಣೋ. ಕೊಕ್ಕೆ ಇಳಿಯೋಕೆ ಮುಂಚೆನೇ ನೋಡಿ ಮುಗಿಸಿರ್ಬೇಕು."

ಅಂದು ಸಂಜೆಯಿಂದ ಅವರ ವಸತಿಕಟ್ಟಡದ ಅಂಗಳದಲ್ಲಿ, ರತ್ನಗಂಬಳಿ ನೇತುಹಾಕಿ ಧೂಳು ಬಡಿಯುವ ಕಬ್ಬಿಣದ ಚೌಕಟ್ಟಿನ ಪಕ್ಕದಲ್ಲಿ, ಅಭ್ಯಾಸ ಶುರುವಾಯಿತು. ಅವನು ಗೋಡೆಗೆ ಚೆಂಡು ಒದೆಯುವುದು, ಸಫ್ತಾ ಬೆನ್ನ ಹಿಂದೆ ಅತ್ತಿತ್ತ ಸರಿಯುತ್ತಾ ಬೆರಳು ತೋರಿಸುವುದು. ಚೆಂಡು ಮರಳಿ ಕಾಲಿಗೆ ತಾಗುವ ಮೊದಲು ಅವನು ಹೊರಳಿ ನೋಡಿ, ಎಷ್ಟು ಬೆರಳು ಎಂದು ಹೇಳಬೇಕು. ಮೊದಲ ವಾರ ಬೆರಳು ಸಿಕ್ಕರೆ ಚೆಂಡು ಸಿಗದು, ಚೆಂಡು ಸಿಕ್ಕರೆ ಬೆರಳು ಸಿಗದು.

ಎರಡನೆಯ ಮಹಡಿಯ ಮುದುಕಿ ಕಿಟಕಿಯಿಂದ ಇಣುಕಿ, "ಏನ್ ಸಫ್ತಾ, ತಮ್ಮನಿಗೆ ಈಗ ಎಣಿಸೋದು ಕಲಿಸ್ತಿದ್ದೀಯಾ?" ಎಂದಳು.

"ಐದರವರೆಗೂ ಬಂದಿದೀವಿ. ಶಾಲೆಗೆ ಹಾಕೋಕೆ ಇನ್ನೂ ಟೈಮಿದೆ."

ಮೇ ಕೊನೆಯ ಹೊತ್ತಿಗೆ ತಪ್ಪುಗಳು ಕಡಿಮೆಯಾದವು. ಆಗ ಸಫ್ತಾ, "ಇನ್ನು ಕೋಚ್‌ಗೆ ಹೇಳು. ಮುಚ್ಚಿಟ್ಟೇ ಅಲ್ವಾ ನೀನು ಕೆಟ್ಟಿದ್ದು," ಎಂದಳು. ಅವನಿಗೆ ಇದು ಅಭ್ಯಾಸಕ್ಕಿಂತ ಕಷ್ಟವಾಯಿತು. ಕೋಚ್ ಪಾಂದೆಲೆಯ ಬಾಗಿಲವರೆಗೆ ಎರಡು ಸಲ ಹೋಗಿ ಮರಳಿದ. ಮೂರನೆಯ ಸಲ ಒಳಗೆ ಹೋಗಿ ನಿಂತೇ ಎಲ್ಲವನ್ನೂ ಹೇಳಿದ.

ಪಾಂದೆಲೆ ಕುರ್ಚಿ ಎಳೆದು ಅವನನ್ನು ಕೂರಿಸಿದರು. "ನಿನಗೆ ಸೊಕ್ಕು ಅಂದ್ಕೊಂಡಿದ್ದೆ," ಎಂದರು. "ಎಡ ಅಂಚಿಗೆ ಹಾಕ್ತೀನಿ. ಆ ಕಡೆ ಗೆರೆ ಬಿಟ್ರೆ ಯಾರೂ ಇರಲ್ಲ."

"ಅಂಚಿಗೆ ಬೇಕಾದ ಓಟ ನನ್ನ ಕಾಲಲ್ಲಿಲ್ಲ ಕೋಚ್. ನಡುವೆನೇ ನಿಲ್ಲಿಸಿ ಪರೀಕ್ಷೆ ಮಾಡಿ. ಆಗ್ಲಿಲ್ಲ ಅಂದ್ರೆ ನಾನೇ ಹೋಗ್ತೀನಿ."

ಮರುದಿನ ಪಾಂದೆಲೆ ಮೈದಾನದಲ್ಲಿ ನಾಲ್ವರನ್ನು ನಾಲ್ಕು ಮೂಲೆಗೆ ನಿಲ್ಲಿಸಿ, ಯಾರೂ ಉಸಿರೆತ್ತಬಾರದೆಂದು ಕಟ್ಟಪ್ಪಣೆ ಮಾಡಿದರು. ಹತ್ತು ಸಲ ಚೆಂಡು ಬಂತು, ಹತ್ತು ಸಲವೂ ಯಾವನೋ ಒಬ್ಬ ನುಗ್ಗಿದ. ಕೋರ್ನೆಲ್ ಎರಡು ಸಲ ಮಾತ್ರ ಸೋತ.

"ಎರಡೂ ಕಿವಿ ಇರೋರು ಇದ್ರಲ್ಲಿ ಐದು ಸಲ ಕಳಕೊಳ್ತಾರೆ," ಎಂದರು ಪಾಂದೆಲೆ. "ಶನಿವಾರ ಆಡ್ತೀಯ."

ಶ್ತಿರ್ಬು ಹತ್ತಿರ ಬಂದು ನೆಲ ನೋಡುತ್ತಾ ನಿಂತ. "ಮೊದ್ಲೇ ಹೇಳಿದ್ರೆ ಗಂಟಲಾದ್ರೂ ಉಳೀತಿತ್ತಲ್ಲೋ," ಎಂದು ಅವನ ಭುಜ ಹಿಡಿದುಕೊಂಡ. ಮುಂದೆ ಇಡೀ ತಂಡ ಕೈಸನ್ನೆ ಕಲಿಯಿತು. ಕೋರ್ನೆಲ್‌ಗೆ ಚೆಂಡು ಬರುವ ಮೊದಲೇ ಮೈದಾನದ ಚಿತ್ರ ತಲೆಯಲ್ಲಿರುತ್ತಿತ್ತು. ಹಾಗಾಗಿ ಬೇರೆಯವರು ಚೆಂಡು ಹಿಡಿದು ಯೋಚಿಸುವಷ್ಟರಲ್ಲಿ ಅವನ ಪಾಸ್ ಮುಟ್ಟಬೇಕಾದಲ್ಲಿ ಮುಟ್ಟಿರುತ್ತಿತ್ತು. ಎರಡು ವರ್ಷದಲ್ಲಿ ತಂಡ ಮೊದಲ ದರ್ಜೆಗೇರಿತು. ಆಮೇಲೆ ರಾಜಧಾನಿಯ ಒಂದು ದೊಡ್ಡ ತಂಡ ಅವನನ್ನು ಕರೆಸಿಕೊಂಡಿತು. ಅವರ ವೈದ್ಯರ ಮುಂದೆ ಅವನು ಮೊದಲು ಹೇಳಿದ್ದೇ ಎಡಗಿವಿಯ ಸಂಗತಿ.

ಮೂವತ್ತೊಂದನೆಯ ವಯಸ್ಸಿನಲ್ಲಿ ದೇಶದ ತಂಡದ ಹಳದಿ ಅಂಗಿ ತೊಟ್ಟ. ಬುಕಾರೆಸ್ಟ್‌ನಲ್ಲಿ, ಅಕ್ಟೋಬರ್‌ನ ಒಂದು ಸಂಜೆ, ಕೊನೆಯ ಹದಿನೇಳು ನಿಮಿಷ ಆಡಿದ. ಸಫ್ತಾ ಎರಡು ದಿನ ರಜೆ ಹಾಕಿ, ಹೊಸ ಕೋಟು ತೊಟ್ಟು ಹೋಗಿದ್ದಳು. ಅವನು ಗೋಲು ಹೊಡೆಯಲಿಲ್ಲ, ಹೊಡೆಸಲೂ ಇಲ್ಲ. ಆದರೆ ಒಂದೇ ಒಂದು ಸಲವೂ ಚೆಂಡು ಬಿಟ್ಟುಕೊಡಲಿಲ್ಲ. ಪಂದ್ಯ ಸಮವಾಯಿತು.

ಮರುದಿನ ಪತ್ರಿಕೆ ಆಟಗಾರರಿಗೆ ಅಂಕ ಹಾಕಿತ್ತು. ಬುಸುಯೋಕ್‌ಗೆ ಹತ್ತಕ್ಕೆ ಆರು.

"ಆರಂತೆ," ಎಂದಳು ಸಫ್ತಾ ರೈಲು ನಿಲ್ದಾಣದಲ್ಲಿ, ಪತ್ರಿಕೆ ಮಡಚುತ್ತಾ. "ಬರೆದೋನಿಗೆ ಕಣ್ಣಿಲ್ಲ."

"ಬಿಡು, ನನಗೆ ಸಾಕು," ಎಂದು ಕೋರ್ನೆಲ್ ಅವಳ ಚೀಲವನ್ನು ರೈಲಿನ ಬೋಗಿಯೊಳಗೆ ಇಟ್ಟ. "ಬೆಳಿಗ್ಗೆ ಫೋನ್ ಬಂದಿತ್ತು. ಮುಂದಿನ ತಿಂಗಳೂ ಕರೆದಿದ್ದಾರೆ. ಮೊದಲಿಂದ್ಲೇ ಆಡಿಸ್ತಾರಂತೆ."

ಸಫ್ತಾ ಕೈಬೆರಳು ಮಡಚಿ, ಇನ್ನೆಷ್ಟು ದಿನ ರಜೆ ಉಳಿದಿದೆ ಎಂದು ಲೆಕ್ಕ ಹಾಕತೊಡಗಿದಳು.